ಹುಳುಮನೆಯ ವೈಫೈ

ಕೆಂಚಾರ್ಲಹಳ್ಳಿಯಲ್ಲಿ ನಮ್ಮಕ್ಕ ಓಬಳಮ್ಮನ ರೇಷ್ಮೆ ಹುಳುಮನೆಗೆ ಕಾಲಿಡುವುದು ಸುಲಭವಲ್ಲ. ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪುಡಿ ನೀರಲ್ಲಿ ಕೈಕಾಲು ತೊಳೆದೇ ಒಳಗೆ ಹೋಗಬೇಕು. ಹುಳುವಿಗೆ ರೋಗ ತಗುಲಿದರೆ ಬೆಳೆಯೇ ಹೋಯಿತಲ್ಲ!

ಇಂಥ ಅಕ್ಕ, ಜಗಲಿಗೆ ಬಂದವರಿಗೆ ಮಾತ್ರ ಯಾವುದಕ್ಕೂ ಇಲ್ಲ ಅನ್ನಳು. ಹುಳುಮನೆಯ ಫ್ಯಾನನ್ನು ಮೊಬೈಲಿನಿಂದಲೇ ಹಾಕಲೆಂದು ವೈಫೈ ಹಾಕಿಸಿದಳು. ಕೇಳಿದವರಿಗೆಲ್ಲ ಪಾಸ್‌ವರ್ಡ್ ಹೇಳಿ ಬೇಸತ್ತು, ನೆಟ್ ಹಾಕಿಕೊಟ್ಟ ಸಂಘಮಿತ್ರಳ ಕೈಲೇ ಆ ಪಾಸ್‌ವರ್ಡನ್ನೇ ತೆಗೆಸಿಬಿಟ್ಟಳು.

"ಬೇಡ ಅಕ್ಕ, ಯಾರು ಬೇಕಾದ್ರೂ ನುಗ್ತಾರೆ."

"ಮಜ್ಜಿಗೆ ಕೇಳಿದೋರ್ಗೆ ಇಲ್ಲ ಅಂತೀವೇನಮ್ಮ?"

ಬೇಸಿಗೆ ಬಂತು. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಇನ್ನೇನು ಗೂಡು ಕಟ್ಟುವ ಮುಂಚೆ ಹೊರೆಗಟ್ಟಲೆ ಸೊಪ್ಪು ತಿನ್ನುವ ಹೊತ್ತು. ಆಗ ಸೆಕೆ ತಾಗಿದರೆ ಮುಗಿಯಿತು. ನಾವಿಬ್ಬರೂ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆವು. ಅಕ್ಕ ಮೊಬೈಲ್ ನೋಡಿದಳು: ಫ್ಯಾನು ನಿಂತಿದೆ. ಒತ್ತಿದಳು, ತಿರುಗಿತು. ಮತ್ತೆ ನಿಂತಿತು. ಮತ್ತೆ ಒತ್ತಿದಳು, ಮತ್ತೆ ನಿಂತಿತು.

"ದೆವ್ವಗಿವ್ವ ಹಿಡೀತೇನೋ ನರೇಂದ್ರ!"

ಓಡಿ ಬಂದೆವು. ಒಳಗೆ ಒಲೆಯಂಥ ಕಾವು, ಹುಳು ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡಿವೆ. ಅಷ್ಟರಲ್ಲಿ ಪಕ್ಕದ ಮನೆಯಿಂದ ಅಂಬರೀಶನ ಕೂಗು: "ಆಫ್ ಅಂದ್ರೆ ಆಫ್ ಆಗಲ್ವಲ್ಲೇ, ದರಿದ್ರ ಫ್ಯಾನೇ!"

ನುಗ್ಗಿದೆ. ಅವನು ಮಂಚದ ಮೇಲೆ ಮಲಗಿ ಮೊಬೈಲ್ ಒತ್ತುತ್ತಿದ್ದಾನೆ. ನೆತ್ತಿಯ ಮೇಲಿನ ಹೊಸ ಫ್ಯಾನು ತನ್ನ ಪಾಡಿಗೆ ತಿರುಗುತ್ತಿದೆ. ಇವನದೂ ಅಕ್ಕನದೂ ಒಂದೇ ಕಂಪನಿಯ ಮಾಲು.

"ಅದು ನಮ್ಮಕ್ಕನ ಫ್ಯಾನು ಕಣಯ್ಯಾ, ಮುಟ್ಠಾಳ!"

"ನಿಮ್ಮಕ್ಕನ ವೈಫೈ ಫ್ರೀ ಅಲ್ವಾ ಅಂತ ಸೇರ್ಕೊಂಡೆ. ಹೊಸ ಫ್ಯಾನು ಮೊಬೈಲಲ್ಲೇ ಆಫ್ ಆಗುತ್ತಾ ನೋಡೋಣ ಅಂತ ಆ್ಯಪ್‌ಗೆ ಫ್ಯಾನ್ ಹುಡುಕು ಅಂದೆ, ಒಂದು ಸಿಕ್ತು. ನಂದೇ ಅಂದ್ಕೊಂಡೆ!"

ಮೊಬೈಲ್ ಕಿತ್ತುಕೊಂಡೆ. ಅಕ್ಕ ಫ್ಯಾನು ಹಾಕಿ, ಹುಳುಮನೆಯ ಕಿಟಕಿಗಳನ್ನೆಲ್ಲ ತೆರೆದಳು. ಸಂಜೆಗೆ ಹುಳು ಮತ್ತೆ ಸೊಪ್ಪು ತಿನ್ನುವ ಸದ್ದು ಕೇಳಿದಾಗಲೇ ಅವಳು ಕೂತದ್ದು.

ಸಂಘಮಿತ್ರ ಬಂದಳು. "ಹುಳುಮನೆಗೊಂದು, ಜಗಲಿಗೊಂದು ವೈಫೈ ಮಾಡ್ತೀನಿ. ಜಗಲೀದರಿಂದ ಹುಳುಮನೇದಕ್ಕೆ ದಾರಿ ಇರಲ್ಲ. ಡಬ್ಲ್ಯುಪಿಎ-ತ್ರೀ ಅಂತ ಗಟ್ಟಿ ಬೀಗ ಇದೆ, ಆದ್ರೆ ನಿಮ್ಮ ಫ್ಯಾನಿಗೆ ಅದು ಅರ್ಥ ಆಗಲ್ಲ. ಅದಕ್ಕಿಂತ ಹಳೇ ಬೀಗ ಡಬ್ಲ್ಯುಪಿಎ-ಟೂ ಹಾಕ್ತೀನಿ, ಪಾಸ್‌ವರ್ಡ್ ಉದ್ದ ಇರ್ಲಿ. ಹುಳುಮನೇದನ್ನ ಯಾರ್ಗೂ ಹೇಳ್ಬೇಡಿ."

ಅಕ್ಕ ತಲೆಯಾಡಿಸಿದಳು. "ಬಾಗಿಲಲ್ಲಿ ಎಲ್ಲರ ಕಾಲೂ ತೊಳೆಸ್ದೆ, ಗಾಳೀಲಿ ಬರೋರ್ನ ಹಂಗೇ ಬಿಟ್ಟೆ ನೋಡು!"

ಆ ಸಲದ ಗೂಡು ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಚೆನ್ನಾಗಿಯೇ ಹೋಯಿತು. ಜಗಲಿಯ ಪಾಸ್‌ವರ್ಡ್ ಈಗ ಊರಿಗೆಲ್ಲ ಗೊತ್ತು: ತಂಪುಮಜ್ಜಿಗೆ. ಹುಳುಮನೆಯದು ನನಗೂ ಹೇಳಿಲ್ಲ.

"ಒಡಹುಟ್ಟಿದೋನಿಗೂ ಇಲ್ವೇನೇ?" ಎಂದು ರೇಗಿದೆ.

"ಒಡಹುಟ್ಟಿದೋನು ಅಂತ ಕಾಲು ತೊಳೀದೆ ಒಳಗೆ ಬಿಟ್ಟಿದೀನೇನೋ?" ಎಂದು ಒಂದು ಲೋಟ ಮಜ್ಜಿಗೆ ಕೈಗಿಟ್ಟಳು.