ಚಿಲಕವಿಲ್ಲದ ಮನೆ

ಇವತ್ತು ಬೆಳಿಗ್ಗೆ ನಮ್ಮದೇ ಅಡುಗೆಮನೆಗೆ ಹೋಗುವಾಗ, ಎಂದಿನಂತೆ ಹೊಸ್ತಿಲ ಆಚೆ ನಿಂತು "ಬಂದೆ" ಎಂದು ಕೂಗಿದೆ. ಚಹಾ ಕಾಸುತ್ತಿದ್ದ ಮಗಳು ನಕ್ಕು ಮರಾಠಿ ಬೆರೆಸಿ ಅಂದಳು, "ಆಯಿ, ಘರ ಆಪ್ಲಂಚ ಆಹೇ! ನಮ್ಮ ಮನ್ಯಾಗ ಬರಾಕ ಪರವಾನಗಿ ಯಾರಿಗಿ ಕೇಳಾಕತ್ತಿ?" ನಗಲಿ ಬಿಡಿ. ಶಹರದ ವಿಜಾಪುರ ರಸ್ತೆಯ ಫ್ಲ್ಯಾಟಿನಲ್ಲಿ ಬೆಳೆದವಳಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ನಾನು ಬೆಳೆದ ನಾಗಣಸೂರಿನ ಮನೆಯಲ್ಲಿ ದನಿ ಕೊಡದೆ ಯಾರೂ ಯಾರ ಬೆನ್ನ ಹಿಂದೆಯೂ ಬರುವಂತಿರಲಿಲ್ಲ.

ಅದಕ್ಕೆ ಕಾರಣ ಬಾಳವ್ವತ್ತೆ, ಅಪ್ಪನ ಅಕ್ಕ. ಗಂಡನ ಮನೆಯವರು ಸಿಟ್ಟು ಬಂದಾಗಲೆಲ್ಲ ಅವಳನ್ನು ಕಾಳಿನ ಕೋಣೆಗೆ ದೂಡಿ ಹೊರಗಿನಿಂದ ಚಿಲಕ ಹಾಕುತ್ತಿದ್ದರಂತೆ. ಗೊತ್ತಾದ ದಿನವೇ ಅಜ್ಜ ಹೋಗಿ ಮಗಳನ್ನು ಕರೆತಂದ. ಆದರೆ ತವರಿಗೆ ಬಂದ ಮೇಲೂ ಎಲ್ಲಾದರೂ ಚಿಲಕ ಸದ್ದು ಮಾಡಿದರೆ, ಯಾರಾದರೂ ಸುಳಿವಿಲ್ಲದೆ ಬೆನ್ನ ಹಿಂದೆ ಬಂದರೆ ಸಾಕು, ರೊಟ್ಟಿ ಬಡಿಯುತ್ತಿದ್ದವಳು ಮೂಲೆಗೆ ಸರಿದು ಸೆರಗು ಕಚ್ಚಿಕೊಂಡು ಕೂತುಬಿಡುವಳು.

ಒಮ್ಮೆ ಕೇಳಿದ್ದೆ, "ಅತ್ತಿ, ಆಗಿಂದೆಲ್ಲಾ ನೆನಪಾಗತೈತೇನು?"

"ನೆನಪು ಏನೂ ಬರೂದಿಲ್ಲ ಯವ್ವಾ. ಬರೇ ಅಂಜಿಕಿ ಬರತೈತಿ. ಎಲ್ಲಿಂದ ಬಂತಂತನೂ ತಿಳಿಯೂದಿಲ್ಲ. ಮೈ ಸಣ್ಣ ಕೂಸಿನಂಗ ಆಗಿಬಿಡತೈತಿ" ಎಂದಿದ್ದಳು.

ಅಜ್ಜ ಕುರಿ ಕಾಯುವವನು. ಹಟ್ಟಿಯ ಹತ್ತಿರ ಹೋಗುವಾಗ ದೂರದಿಂದಲೇ ಮಾತಾಡುತ್ತ ಹೋಗುವುದು ನಮ್ಮವರ ರೂಢಿ. ಇಲ್ಲದಿದ್ದರೆ ಕುರಿ ಬೆದರಿ ಒಂದರ ಮೇಲೊಂದು ಬೀಳುತ್ತವೆ. "ಕುರಿಗಿ ದನಿ ಕೊಡತೀರಿ, ನನ್ನ ಮಗಳಿಗಿ ಕೊಡಾಕ ಏನ ಧಾಡಿ ನಿಮಗ?" ಎಂದು ಮನೆಯವರಿಗೆಲ್ಲ ಬೈದ. ಬೈದು ಸುಮ್ಮನಾಗಲಿಲ್ಲ, ಒಳಬಾಗಿಲುಗಳ ಚಿಲಕಗಳನ್ನೆಲ್ಲ ಕಿತ್ತೊಗೆದ. ಬಚ್ಚಲಿನದನ್ನೂ! ಅಯ್ಯೋ, ನೆಂಟರ ಫಜೀತಿ ಏನು ಹೇಳಲಿ. ಸ್ನಾನ ಮುಗಿಯುವವರೆಗೆ ಗಟ್ಟಿಯಾಗಿ ಹಾಡುತ್ತಲೇ ಇರಬೇಕು. ಮದುವೆಯಾದ ಹೊಸದರಲ್ಲಿ ನನ್ನ ಗಂಡನೂ ಹಾಡಿದರು. ಆ ದನಿ ಮೊದಲೇ ಕೇಳಿದ್ದರೆ ಮದುವೆಗೆ ಒಪ್ಪುತ್ತಿದ್ದೆನೋ ಇಲ್ಲವೋ.

ಅತ್ತೆಯ ಅಂಜಿಕೆ ಒಂದೇ ಸಲಕ್ಕೆ ಹೋಗಲಿಲ್ಲ. ಅದು ಬಂದಾಗ ಅಂಗೈಯನ್ನು ನೆಲಕ್ಕೆ ಒತ್ತಿ ತನಗೆ ತಾನೇ ಹೇಳಿಕೊಳ್ಳುವಳು: "ಬಾಳಿ, ಇದು ಅಪ್ಪನ ಮನಿ. ಬಾಗಲಾ ತೆರದೈತಿ ನೋಡು." ಹೇಳುತ್ತ ಹೇಳುತ್ತ ಮೆಲ್ಲಗೆ ತಲೆ ಎತ್ತಿ ಬಾಗಿಲು ನೋಡುವಳು, ಮತ್ತೆ ರೊಟ್ಟಿಗೆ ಕೂರುವಳು. ವರ್ಷಗಟ್ಟಲೆ ಹೀಗೇ ನಡೆಯಿತು. ತನ್ನ ಮೈಯನ್ನು ಒಂದು ದಿನವೂ ಬೈಯದೆ ರಮಿಸಿದಳಲ್ಲ, ಆ ತಾಳ್ಮೆ ನೆನೆದರೆ ನನಗೆ ಈಗಲೂ ಅಚ್ಚರಿ. ಎಲ್ಲಿಂದ ತಂದಳೋ! ಆದರೂ ಚಿಲಕ ಹಾಕಿದ ಬಾಗಿಲ ಹಿಂದೆ ಒಂದು ಗಳಿಗೆ ಇರುವುದು ಮಾತ್ರ ಅವಳಿಂದ ಆಗಿರಲೇ ಇಲ್ಲ.

ಈಗ ಕಣ್ಣಿನ ಆಪರೇಷನ್ನಿಗೆಂದು ಬಂದು ನಮ್ಮಲ್ಲಿದ್ದಾಳೆ. ಅವಳು ಬಾಗಿಲು ಅರ್ಧ ತೆರೆದಿಟ್ಟು ಮೀಯುವುದು, ನಾನು ಬೆನ್ನು ಮಾಡಿ ಹೊರಗೆ ಕಾವಲು ಕೂರುವುದು, ಹೀಗೆ ನಡೆದಿತ್ತು. ಇವತ್ತು ಚಹಾ ಕುಡಿದು ಅವಳು ಬಚ್ಚಲಿಗೆ ಹೋದಳು, ನಾನು ಹೊರಗೆ ಕೂತೆ. ಹಿಂದೆಯೇ ಖಟ್ ಎಂದಿತು. ಒಳಗಿನಿಂದ ಚಿಲಕ!

ನಾನು ಧಡಕ್ಕನೆ ಎದ್ದೆ. ಬಾಗಿಲು ಬಡಿಯಲು ಎತ್ತಿದ ಕೈಯನ್ನು ಹಾಗೇ ತಡೆದುಕೊಂಡು, "ಅತ್ತಿ, ನಾ ಇಲ್ಲೇ ಅದೀನಿ" ಎಂದೆ. ಒಳಗಿನಿಂದ ಏದುಸಿರು ಕೇಳುತ್ತಿತ್ತು. ಅದು ಮೆಲ್ಲಗೆ ತಗ್ಗಿತು. ಆಮೇಲೆ, ನನಗಲ್ಲ, ತನಗೇ ಹೇಳಿಕೊಂಡಳು:

"ಬಾಳಿ, ಚಿಲಕಾ ಈಗ ನಿನ್ನ ಕಡಿ ಐತಿ."

ತಂಬಿಗೆ ತಂಬಿಗೆ ನೀರು ಸುರಿದುಕೊಳ್ಳುವ ಸದ್ದು ಶುರುವಾಯಿತು. ನಾನು ಗೋಡೆಗೆ ಒರಗಿ ಅಳುತ್ತ ನಿಂತಿದ್ದೆ. ಅವಳಿಗೆ ಏನೇನೂ ಅವಸರವಿರಲಿಲ್ಲ.