ಮಚ್ಚೆಯ ಸುತ್ತಲಿನದು

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದೆ ದವಾಖಾನೆ ನಡೆಸುತ್ತಿದ್ದ ಚರ್ಮದ ಡಾಕ್ಟರು ಮಚ್ಚೆಯನ್ನು ಎಂದೂ ಮೊದಲು ನೋಡುತ್ತಿರಲಿಲ್ಲ. ಅದರ ಸುತ್ತ ಹೆಬ್ಬೆರಳು ಒತ್ತುತ್ತ, ‘ಮೊದ್ಲ ಸುತ್ತಲಿಂದು ನೋಡೂಣು’ ಎನ್ನುತ್ತಿದ್ದರು.

ನನ್ನನ್ನು ನೋಡಲು ಗಂಡಿನವರು ಬರುತ್ತಾರೆಂದು ಅವ್ವ ನನ್ನ ಕೆನ್ನೆಯ ಮಚ್ಚೆಗೆ ಸುಣ್ಣ, ಬಟ್ಟೆ ಒಗೆಯುವ ಸೋಡಾ ಹಚ್ಚಿ ಸುಟ್ಟಿದ್ದಳು. ಗಾಯ ಮಾಯಿತು. ಕಲೆಯ ನಡುವೆ ಮಚ್ಚೆ ಮತ್ತೆ ಮೂಡಿತು.

‘ಸುಟ್ರೂ ಹ್ಯಾಂಗ ಬಂತ್ರಿ?’ ಎಂದು ಅವ್ವ ಡಾಕ್ಟರನ್ನು ಕೇಳಿದಳು.

‘ತಳದಾಗ ಬಣ್ಣದ ಜೀವಕೋಶ ಉಳಿದಿದ್ವು. ಅವು ತಮ್ಮಷ್ಟಕ್ಕ ತಾವ ಬದುಕೂದಿಲ್ರಿ. ಸುತ್ತಲಿನ ಚರ್ಮ ಬೆಳವಣಿಗಿ ಅಂಶ ಕೊಟ್ಟು ಅವನ್ನ ಸಾಕತೈತಿ. ಇನ್ನ ಸುಡಬ್ಯಾಡ್ರಿ.’

‘ಗಂಡಿನವ್ರು ಇದನ್ನ ಕಂಡ್ರ ಏನಂದಾರ್ರಿ?’

ಡಾಕ್ಟರು ನನ್ನ ಕೆನ್ನೆಯಿಂದ ಹೆಬ್ಬೆರಳು ತೆಗೆದರು.

‘ಅವ್ರೂ ಮೊದ್ಲ ಸುತ್ತಲಿಂದು ನೋಡ್ಲಿ. ಕಣ್ಣು, ಮೂಗು, ಬಾಯಿ, ಇಷ್ಟು ಮಾರಿ ಐತಲ್ಲ.’