ತಾರಿಹಾಳದ ಶೆಡ್ಡಿನ ಬಾಡಿಗೆ

ಕೇಶ್ವಾಪುರದಲ್ಲಿ ನಮ್ಮ ತೆರಿಗೆ ಕಾಗದ ನೋಡುತ್ತಿದ್ದ ಹಿರಿಯರು ಕನ್ನಡಕ ಒರೆಸಿಕೊಳ್ಳುತ್ತ ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದರು: "ಖರೇ ಏನೈತಿ, ಅಷ್ಟ ಹೇಳ್ರಿ."

ಗೆಳೆಯನೊಡನೆ ನಡೆಸುತ್ತಿದ್ದ ಕಂಪನಿ ಮುಚ್ಚಿದಾಗ ತಾರಿಹಾಳದ ಶೆಡ್ಡು ನನ್ನ ಪಾಲಿಗೆ ಬಂತು. ಅದರ ಬಾಡಿಗೆಯನ್ನು ಇನ್ನು ನನ್ನ ಆದಾಯದಲ್ಲೇ ತೋರಿಸಬೇಕು ಎಂದು ಆ ಹಿರಿಯರು ಹೇಳಿದರು. ಬಾಡಿಗೆದಾರರಿದ್ದರೂ ನಾನು, "ಶೆಡ್ಡು ಖಾಲಿ ಐತ್ರಿ ಕಾಕಾ" ಎಂದೆ. ಅವರು ನಂಬಿ ತೆರಿಗೆ ಕಾಗದದಲ್ಲಿ ಹಾಗೆಯೇ ತುಂಬಿದರು.

ಮರುವರ್ಷ ನೋಟಿಸು ಬಂತು. ತೆರಿಗೆ ಕಚೇರಿಯಲ್ಲಿ ಅಧಿಕಾರಿ ಬಾಡಿಗೆ ಕರಾರನ್ನು ಮುಂದಿಟ್ಟರು. ಕಾಕಾ ನನ್ನ ಸಹಿಯನ್ನೇ ನೋಡುತ್ತ ಕುಳಿತರು, ಆಮೇಲೆ ಮೆಲ್ಲಗೆ ಎದ್ದು ನಿಂತರು.

"ತಪ್ಪು ನಂದರಿ ಸಾಹೇಬ್ರ. ನಾನ ಹೋಗಿ ನೋಡಬೇಕಿತ್ತು."

ಪಕ್ಕದಲ್ಲೇ ಇದ್ದ ನಾನು ಬಾಯಿ ಬಿಡಲಿಲ್ಲ. ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

ದಂಡ ಸಹಿತ ತೆರಿಗೆ ಕಟ್ಟಿ ಹೊರಬಂದಾಗ ಕಾಕಾ ಬೈಯಲಿಲ್ಲ. ನನ್ನ ಕಡತವನ್ನು ಎರಡೂ ಕೈಯಿಂದ ಕೊಟ್ಟು, "ಇನ್ನಮ್ಯಾಲೆ ಬ್ಯಾರೇದವರಿಗೆ ತೋರಸ್ರಿ" ಎಂದರು. ನನ್ನ ಕಾರಿನ ಬಾಗಿಲು ತೆರೆದು ನಿಂತೆ. ಅವರು ಬಸ್ಸಿಗೆ ನಡೆದರು.